ಟ್ರಾಲಿ ಮೇಲೊಂದು ಮನೆ: ಹೊಸದಾಗಿ ವೆಲ್ಡಿಂಗ್ ಕಲಿತವರು ಕ್ಯಾಂಪರ್ ಟ್ರೇಲರ್ ಮಾಡುವುದು ಹೇಗೆ?

ಕಲಬುರಗಿ ಕಡೆಯವರಿಗೆ ಗಾಲಿ ಮೇಲೆ ಮಲಗುವುದು ಹೊಸದೇನಲ್ಲ. ಜಾತ್ರೆಗೆ ಹೊರಟರೆ ಟ್ರ್ಯಾಕ್ಟರ್ ಟ್ರಾಲಿಗೆ ಕಮಾನು ಬಗ್ಗಿಸಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು, ಅದರ ಮೇಲೆ ಕೌದಿ. ಬುತ್ತಿ ಗಂಟು ಮೂಲೆಯಲ್ಲಿ. ಕ್ಯಾಂಪರ್ ಟ್ರೇಲರ್ ಅಂದರೆ ಅದೇ, ಕಾರಿನ ಹಿಂದೆ ಕಟ್ಟುವಷ್ಟು ಸಣ್ಣದು, ಬಾಗಿಲು ಇರುವಂಥದ್ದು. ನಾನು ಹೋದ ವರ್ಷ ಒಂದು ಮಾಡಿದೆ. ನಾನು ವೆಲ್ಡರ್ ಅಲ್ಲ. ರಜೆ ದಿನ ಗೇಟು, ಕಿಟಕಿ ರಿಪೇರಿ ಮಾಡಿ ಕೈ ಕುದುರಿಸಿಕೊಂಡವನು, ಅಷ್ಟೇ.

ಕಬ್ಬಿಣ ಕತ್ತರಿಸುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಇಂಜಿನ್ ಇಲ್ಲ ಅಂತ ಬಿಡುವುದಿಲ್ಲ. ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕು, ವಿಮೆ ಬೇಕು. ಮನೆಯಲ್ಲಿ ಮಾಡಿದ್ದಕ್ಕೆ ಡಿಸೈನ್ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ನಕ್ಷೆ ಕೈಯಲ್ಲಿ ಹಿಡಿದೇ ಹೋಗಿ ಕೇಳಿ. ನನ್ನದು ಕಾಗದ ಆಗುವ ತನಕ ಹೊಲದಲ್ಲೇ ನಿಂತಿದೆ. ತೊಗರಿ ಕಾಯಲು ಅದಕ್ಕಿಂತ ಒಳ್ಳೆ ಗುಡಿಸಲು ಇನ್ನೊಂದಿಲ್ಲ, ಆ ಮಾತು ಬೇರೆ. ಹಾಗೇ ನಿಮ್ಮ ಕಾರಿನ ಕೈಪಿಡಿ ತೆಗೆದು ಎಷ್ಟು ಭಾರ ಎಳೆಯಬಹುದು ಅಂತ ಬರೆದಿದೆಯಾ ನೋಡಿ. ಆ ಲೆಕ್ಕದ ಒಳಗೇ ಎಲ್ಲವೂ ಕೂರಬೇಕು.

ಮೊದಲು ಮುರಿಯುವುದು ಕಲಿಯಿರಿ

200 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಮಶೀನ್ ಸಾಕು. 6013 ನಂಬರಿನ 2.5 ಮಿ.ಮೀ ವೆಲ್ಡಿಂಗ್ ರಾಡ್ ತನ್ನಿ, ಹೊಸಬರ ಕೈಗೆ ಅದೇ ಸಲೀಸು. 3 ಮಿ.ಮೀ ದಪ್ಪದ ಪೈಪಿಗೆ 70ರಿಂದ 85 ಆಂಪಿಯರ್ ಇಟ್ಟು ಶುರು ಮಾಡಿ. ಸಂಜೆ ಹೊತ್ತು ವೋಲ್ಟೇಜ್ ಬಿದ್ದರೆ ರಾಡ್ ಕಬ್ಬಿಣಕ್ಕೆ ಅಂಟಿ ಕೂರುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ, ಬೆಳಗ್ಗೆ ಮಾಡಿ. ಬೇಸಿಗೆಯಲ್ಲಿ ಹೇಗೂ ಬೆಳಗ್ಗೆಯೇ ಮಾಡಬೇಕು. 42 ಡಿಗ್ರಿ ಬಿಸಿಲಲ್ಲಿ ಬಿದ್ದ ಪೈಪನ್ನು ಮಧ್ಯಾಹ್ನ ಬರಿಗೈಲಿ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಎರಡು ತುಂಡು ಪಟ್ಟಿ ತೆಗೆದುಕೊಂಡು ಒಂದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ. ಒಂದೇ ಬದಿ ವೆಲ್ಡ್ ಹಾಕಿ. ಆರಿದ ಮೇಲೆ ಸಣ್ಣ ಸುತ್ತಿಗೆಯಿಂದ ಕಿಟ್ಟ ಕೆರೆದು ತೆಗೆಯಿರಿ. ನನ್ನ ಮೊದಲನೆಯದು ಎಷ್ಟು ಚೆಂದ ಇತ್ತು ಅಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ಆಮೇಲೆ ವೈಸಿಗೆ ಕಚ್ಚಿಸಿ, ನಿಂತ ಪಟ್ಟಿಗೆ ದೊಡ್ಡ ಸುತ್ತಿಗೆಯಿಂದ ವೆಲ್ಡ್ ಇರುವ ಕಡೆಗೇ ಬೀಳುವಂತೆ ಒಂದೇ ಏಟು ಹೊಡೆದೆ. ಪಟ್ಟಿ ಹಾರಿಹೋಯಿತು. ವೆಲ್ಡ್ ಪೂರ್ತಿ ಕೆಳಗಿನ ಪಟ್ಟಿಯ ಮೇಲೆ ಹಾಗೇ ಕೂತಿತ್ತು. ನಿಂತ ಪಟ್ಟಿಯ ಅಂಚು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಅಂದರೆ ಅಲ್ಲಿ ಕಬ್ಬಿಣ ಕರಗೇ ಇರಲಿಲ್ಲ, ಮೇಲೆ ಮೇಣ ಸುರಿದಂತೆ ಸುಮ್ನೆ ಬಿದ್ದಿತ್ತು. ಆಂಪಿಯರ್ ಸ್ವಲ್ಪ ಏರಿಸಿ, ರಾಡನ್ನು ಹತ್ತಿರ ಹಿಡಿದು, ಎರಡೂ ಪಟ್ಟಿ ಕರಗಿ ಕೂಡುವುದನ್ನು ಕಣ್ಣಾರೆ ನೋಡುತ್ತಾ ನಿಧಾನಕ್ಕೆ ಸಾಗಬೇಕು. ಪಟ್ಟಿ ಬಗ್ಗಿದರೂ ವೆಲ್ಡ್ ಬಿಡಬಾರದು. ಅಲ್ಲಿಯವರೆಗೆ ಮುರಿಯುತ್ತಲೇ ಇರಿ. ನನಗೆ ಎರಡು ಪ್ಯಾಕೆಟ್ ರಾಡ್ ಹಿಡಿಯಿತು.

ಕಣ್ಣಿನ ವಿಷಯ ಸಸಾರ ಮಾಡಬೇಡಿ. 10 ಅಥವಾ 11ರ ಶೇಡ್ (ಗಾಜು ಎಷ್ಟು ಕಪ್ಪು ಅನ್ನುವ ನಂಬರು) ಇರುವ ವೆಲ್ಡಿಂಗ್ ಹೆಲ್ಮೆಟ್ ಹಾಕಿ. ಟ್ಯಾಕ್, ಅಂದರೆ ಜೋಡಣೆ ಹಿಡಿದು ನಿಲ್ಲಿಸುವ ಸಣ್ಣ ಚುಕ್ಕೆ ವೆಲ್ಡ್, ಹೊಡೆಯುವಾಗ ಒಂದೇ ಕ್ಷಣ ಅಲ್ವಾ ಅಂತ ಕಣ್ಣು ಮುಚ್ಚಿಕೊಂಡು ಹೊಡೆಯುವವರಿದ್ದಾರೆ. ಆಗ ಏನೂ ಆಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ ಏಳುತ್ತದೆ. ನೈಲಾನ್, ಪಾಲಿಸ್ಟರ್ ಬಟ್ಟೆ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಜಿಐ ಪೈಪಾದರೆ ಜಾಯಿಂಟಿನ ಹತ್ತಿರ ಸತುವಿನ ಲೇಪ ಪೂರ್ತಿ ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಹಾಲು ಬೆಲ್ಲ ತಿಂದರೆ ಹೋಗುವಂಥದ್ದಲ್ಲ. ಅಂಗಳದಲ್ಲಿ ತೊಗರಿ ಕಟ್ಟಿಗೆ ಒಟ್ಟಿದ್ದರೆ ದೂರ ಸರಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಡಿ.

ಚಾಸಿ

ಚಾಸಿ ಅಂದರೆ ಎಲ್ಲವೂ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟು. ಉದ್ದ 2.4 ಮೀಟರ್, ಅಗಲ 1.5 ಮೀಟರ್ ಇರಲಿ. 50×50×3 ಮಿ.ಮೀ ಚೌಕ ಪೈಪು ಮೀಟರಿಗೆ ಸುಮಾರು 4.3 ಕೆಜಿ. 6 ಮೀಟರಿನ 3 ಪೈಪು ತಂದರೆ ಎರಡು ಉದ್ದ, ಐದು ಅಡ್ಡ, ಮುಂದೆ ಕಾರಿನ ಕಡೆ ಚಾಚುವ ಮೂಗು ಎಲ್ಲಾ ಬರುತ್ತದೆ. ನೆಲ ಸಮ ಇರುವ ಕಡೆ ಜೋಡಿಸಿ. ನಾನು ಅಂಗಳದ ಶಹಾಬಾದ್ ಕಲ್ಲಿನ ಮೇಲೇ ಮಾಡಿದೆ.

ಮೂಲೆಗೆ ಗುಣ್ಯಾ (ಮೂಲೆಮಟ್ಟ) ಹಿಡಿದರೆ ಸಾಲದು. ಕರ್ಣ ಅಳೆಯಿರಿ. ಈ ಅಳತೆಗೆ ಎರಡೂ ಕರ್ಣ 2 ಮೀಟರ್ 83 ಸೆಂ.ಮೀ ಬರಬೇಕು. ಮೊದಲು ಎಲ್ಲಾ ಮೂಲೆಗೂ ಟ್ಯಾಕ್ ಮಾತ್ರ ಹೊಡೆಯಿರಿ, ಮತ್ತೆ ಅಳೆಯಿರಿ. ಆಮೇಲೆ ಒಂದು ಮೂಲೆಯಲ್ಲಿ ಸ್ವಲ್ಪ, ಎದುರು ಮೂಲೆಯಲ್ಲಿ ಸ್ವಲ್ಪ ತುಂಬುತ್ತಾ ಬನ್ನಿ. ವೆಲ್ಡ್ ಆರುವಾಗ ಕಬ್ಬಿಣವನ್ನು ತನ್ನ ಕಡೆ ಎಳೆಯುತ್ತದೆ. ಒಂದೇ ಬದಿ ಉದ್ದಕ್ಕೆ ಹೊಡೆದರೆ ಚಾಸಿ ಹಪ್ಪಳದಂತೆ ಸೊಟ್ಟ ಆಗುತ್ತದೆ.

ಮೂಗಿನ ಎರಡು ಪೈಪನ್ನು ಮುಂದಿನ ಅಡ್ಡ ಪೈಪಿಗೆ ಬರಿದೇ ತಾಗಿಸಿ ಬೆಸೆಯಬೇಡಿ. ಚಾಸಿ ಕೆಳಗೆ ಒಳಗಿನವರೆಗೂ ಹೋಗಿ ಎರಡು ಅಡ್ಡ ಪೈಪಿಗಾದರೂ ಕೂಡಬೇಕು.

ಇಲ್ಲಿ ನನ್ನ ಖಡಾಖಂಡಿತ ಮಾತು ಒಂದಿದೆ. ಮೂಗು, ಕಾರಿಗೆ ಸಿಕ್ಕಿಸುವ ಕೊಂಡಿ ಮತ್ತು ಎಕ್ಸಲ್ ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗ, ಈ ಮೂರನ್ನು ನೀವು ಟ್ಯಾಕ್ ಹೊಡೆದು ನಿಲ್ಲಿಸಿ. ಪೂರ್ತಿ ವೆಲ್ಡ್ ಮಾತ್ರ ಟ್ರ್ಯಾಕ್ಟರ್ ಟ್ರಾಲಿ ಮಾಡುವ ಮಿಸ್ತ್ರಿ ಕೈಯಲ್ಲೇ ಹಾಕಿಸಿ. ಕಪನೂರು ಕೈಗಾರಿಕಾ ಪ್ರದೇಶದ ಕಡೆ ಹುಡುಕಿದರೆ ಸಿಗುತ್ತಾರೆ. ಒಳಗಿನ ಮಂಚ ಮುರಿದರೆ ನೀವು ನೆಲದ ಮೇಲೆ ಮಲಗುತ್ತೀರಿ. ಕೊಂಡಿ ಬಿಟ್ಟರೆ ಹಿಂದೆ ಬರುವ ಬೈಕಿನವನ ಗತಿ ಏನು? ಕೊಂಡಿಯ ಜತೆಗೆ ಎರಡು ಸರಪಳಿ ಇರಲಿ, ಮೂಗಿನ ಕೆಳಗೆ ಕತ್ತರಿಯಂತೆ ಅಡ್ಡ ಹಾಯಿಸಿ ಕಟ್ಟಿ.

ಎಕ್ಸಲ್ ಎಲ್ಲಿ?

ಎಕ್ಸಲ್ ನಟ್ಟನಡುವೆ ಬೇಡ, ಸ್ವಲ್ಪ ಹಿಂದೆ ಇರಲಿ. ಈ ಅಳತೆಗೆ ಚಾಸಿಯ ಮುಂದಿನ ಅಡ್ಡ ಪೈಪಿನಿಂದ 1.4 ಮೀಟರ್ ಹತ್ತಿರ ಬರುತ್ತದೆ. ಸಾಮಾನು ತುಂಬಿದ ಮೇಲೆ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಭಾಗ ಕೊಂಡಿಯ ಮೇಲೆ ಕೂರಬೇಕು. 500 ಕೆಜಿ ಗಾಡಿಯಾದರೆ 50ರಿಂದ 75 ಕೆಜಿ. ಮನೆಯಲ್ಲಿ ತೂಕ ನೋಡಿಕೊಳ್ಳುವ ಮಶೀನ್ ಇದೆಯಲ್ಲ, ಅದನ್ನು ಕಟ್ಟೆ ಮೇಲಿಟ್ಟು, ಕೊಂಡಿಯನ್ನು ಕಾರಿಗೆ ಕಟ್ಟುವ ಎತ್ತರದಲ್ಲೇ ಅದರ ಮೇಲೆ ಕೂರಿಸಿ ಓದಿ. ಹಿಂದೆ ಭಾರ ಜಾಸ್ತಿಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ, ಕಾರನ್ನೂ ಎಳೆದಾಡುತ್ತದೆ.

ನಾನು ಈ ಲೆಕ್ಕ ಬಿಟ್ಟು ಅಡುಗೆ ಕಟ್ಟೆ, ನೀರಿನ ಕ್ಯಾನ್ ಎಲ್ಲಾ ಹಿಂದೆ ಇಟ್ಟಿದ್ದೆ. ಹೊಲದಲ್ಲಿ ಕಾರಿನಿಂದ ಬಿಚ್ಚಿ ನಿಲ್ಲಿಸಿದ್ದಾಗ ನನ್ನ ಭಾಮೈದ ಹಿಂದೆ ಹತ್ತಿ ಕೂತ. ಮೂಗು ಏತದ ಹಾಗೆ ಮೇಲೆದ್ದು ನನ್ನ ಮೊಣಕೈಗೆ ಬಡಿಯಿತು. ಸದ್ಯ, ಗದ್ದಕ್ಕೆ ಬಡಿಯಲಿಲ್ಲ. ಅಂದಿನಿಂದ ನಾಲ್ಕು ಮೂಲೆಗೂ ಜ್ಯಾಕ್ ಕೊಡದೆ ಯಾರನ್ನೂ ಹತ್ತಿಸುವುದಿಲ್ಲ. ಪಾಟಾವನ್ನು ಮೊದಲು ಕ್ಲಾಂಪಿನಲ್ಲಿ ಬಿಗಿದು, ತೂಕ ಸರಿ ಬಂದ ಮೇಲೆ ಜಾಗ ಪಕ್ಕಾ ಮಾಡಿ.

ಮೇಲಿನ ಗೂಡು

ಇಲ್ಲಿ 25×25 ಮಿ.ಮೀ ತೆಳು ಪೈಪು ಸಾಕು. ತೆಳುವಾದ್ದರಿಂದ ತೂತು ಬೀಳುತ್ತದೆ. 2 ಮಿ.ಮೀ ರಾಡ್, 50ರ ಆಸುಪಾಸು ಆಂಪಿಯರ್, ಒಂದು ಚುಕ್ಕೆ ಹೊಡೆದು ಆರಲು ಬಿಟ್ಟು ಇನ್ನೊಂದು. ಹೊರಗೆ ಅಲ್ಯೂಮಿನಿಯಂ ಶೀಟ್, ಒಳಗೆ ತೆಳು ಪ್ಲೈವುಡ್, ನಡುವೆ 25 ಮಿ.ಮೀ ಥರ್ಮಾಕೋಲ್. ನಮ್ಮ ಬಿಸಿಲಿಗೆ ಬರೀ ಶೀಟ್ ಹೊಡೆದರೆ ಅದು ರೊಟ್ಟಿ ಬೇಯಿಸುವ ಹಂಚು. ಚಾವಣಿಗೆ ಬಿಳಿ ಬಣ್ಣ, ಮೇಲೊಂದು ಕೆಳಗೊಂದು ಗಾಳಿಕಿಂಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ ಕೆಳಗಿನ ಕಿಂಡಿ ಮುಚ್ಚಬೇಡಿ, ಸಿಲಿಂಡರ್ ಹೊರಗೇ ಇಡಿ.

ಅಡುಗೆ ಕಟ್ಟೆಗೆ ಶಹಾಬಾದ್ ಕಲ್ಲು ಹಾಕು ಅಂತ ಸಲಹೆ ಕೊಡುವವರು ನಿಮಗೂ ಸಿಗುತ್ತಾರೆ. 20 ಮಿ.ಮೀ ಕಲ್ಲು ಒಂದು ಚದರ ಅಡಿಗೆ ಹೆಚ್ಚುಕಡಿಮೆ 5 ಕೆಜಿ. ನಕ್ಕು ಸುಮ್ಮನಾಗಿ.

ಲೈಟು, ಇಂಡಿಕೇಟರ್, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ಸಂಜೆ ಹೊತ್ತು ಹೊರಗೆ ತೆಗೆಯಬೇಡಿ, ಕಬ್ಬಿನ ಟ್ರಾಲಿಗಳನ್ನು ನೋಡಿದ್ದೀರಲ್ಲ.

ವೆಲ್ಡ್ ಎಲ್ಲಾ ಉಜ್ಜಿ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆಯಿರಿ. ಮೂಗು ಮತ್ತು ಎಕ್ಸಲ್ ಹತ್ತಿರ ಮಾತ್ರ ಅದರ ಮೇಲೆ ಹಳದಿಯೋ ಬಿಳಿಯೋ ಒಂದು ತಿಳಿ ಬಣ್ಣವೇ ಇರಲಿ. ಮೊದಲ 50 ಕಿಲೋಮೀಟರ್ ಆದ ಮೇಲೆ ಗಾಲಿಯ ನಟ್ಟು ಮತ್ತೆ ಬಿಗಿ ಮಾಡಿ, ಟಾರ್ಚ್ ಹಿಡಿದು ಕೆಳಗೆ ತೂರಿ. ಆ ತಿಳಿ ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಬಿರುಕು ಅಂತಲೇ ತಿಳಿದು ಗಾಡಿ ಅಲ್ಲೇ ನಿಲ್ಲಿಸಿ ಮಿಸ್ತ್ರಿಗೆ ಫೋನ್ ಮಾಡಿ.