ಕಿಟಕಿ ತಡೆಯಬೇಕಾದ ಮೂರು ನಿಮಿಷ

ಚಿಕ್ಕಮಗಳೂರಿನ ನಮ್ಮ ಮನೆ ವರ್ಷದ ಬಹುಪಾಲು ಬೀಗ ಹಾಕಿಕೊಂಡೇ ಇರುತ್ತದೆ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಅಮ್ಮ ಇರುವುದು ಹಾಸನದಲ್ಲಿ ಅಕ್ಕನ ಜೊತೆ. ಅಪ್ಪ ಕಟ್ಟಿಸಿದ ಮನೆ, ಮಾರಲು ಮನಸ್ಸಿಲ್ಲ. ಬಾಡಿಗೆಗೆ ಕೊಡಲು ಅಮ್ಮ ಒಪ್ಪುವುದಿಲ್ಲ, ಹಬ್ಬಕ್ಕೆ ಬಂದಾಗ ಅವಳಿಗೆ ತನ್ನ ಅಡುಗೆಮನೆಯೇ ಬೇಕು. ಮಕ್ಕಳೆಲ್ಲ ಹೊರದೇಶ ಸೇರಿ ಹೀಗೆ ಖಾಲಿ ಉಳಿದ ಮನೆಗಳು ನಮ್ಮ ಬೀದಿಯಲ್ಲೇ ಇನ್ನೂ ಇವೆ. ನಾನು ಮಾಡಿಸಿದ್ದು ಅವರಿಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಮನೆ ಭದ್ರ ಮಾಡಬೇಕು ಎಂದಾಗ ನಮ್ಮಲ್ಲಿ ದುಡ್ಡೆಲ್ಲ ಮುಂಬಾಗಿಲಿಗೆ ಹೋಗುತ್ತದೆ. ತೇಗದ ಬಾಗಿಲು, ಅದರ ಮುಂದೆ ಕಬ್ಬಿಣದ ಗೇಟು, ದುಬಾರಿ ಬೀಗ. ಕಿಟಕಿಯ ಕಡೆ ನನ್ನ ಕಣ್ಣು ಹೋಗಿದ್ದು ಜರ್ಮನಿಗೆ ಬಂದ ಮೇಲೆ. ಇಲ್ಲಿ ಬಹಳಷ್ಟು ಕಿಟಕಿಗಳಿಗೆ ಗ್ರಿಲ್ಲೇ ಇಲ್ಲ. ಅದರ ಬದಲು ಕಿಟಕಿಗೇ ಒಂದು ದರ್ಜೆ ಇರುತ್ತದೆ. ಯುರೋಪಿನ ಇಎನ್ 1627 ಎಂಬ ಮಾನದಂಡದಲ್ಲಿ ಆರ್‌ಸಿ 1ರಿಂದ ಆರ್‌ಸಿ 6ರವರೆಗೆ ದರ್ಜೆಗಳಿವೆ. ಮನೆಗಳಿಗೆ ಸಾಮಾನ್ಯವಾಗಿ ಸೂಚಿಸುವ ಆರ್‌ಸಿ 2 ದರ್ಜೆಯ ಕಿಟಕಿ, ಸ್ಕ್ರೂಡ್ರೈವರ್, ಇಕ್ಕಳ, ಬೆಣೆ ಹಿಡಿದು ಬಂದವನನ್ನು ಪರೀಕ್ಷೆಯಲ್ಲಿ 3 ನಿಮಿಷ ತಡೆದು ನಿಲ್ಲಿಸಬೇಕು. ಒಡೆಯಲಾಗದ ಕಿಟಕಿ ಎಂದು ಆ ಮಾನದಂಡ ಎಲ್ಲೂ ಹೇಳುವುದಿಲ್ಲ, ಇಷ್ಟು ಹೊತ್ತು ತಡೆಯುತ್ತದೆ ಎನ್ನುತ್ತದೆ, ಅಷ್ಟೆ. ಇದನ್ನು ಓದಿದ ಮೇಲೆ ಊರಿನ ಮನೆಯ ಬಗ್ಗೆ ನಾನು ಕೇಳಿಕೊಂಡ ಪ್ರಶ್ನೆಯೇ ಬೇರೆಯಾಯಿತು. ನಮ್ಮ ಕಿಟಕಿ ಎಷ್ಟು ಹೊತ್ತು ತಡೆಯುತ್ತದೆ? ಆ ಹೊತ್ತಿನಲ್ಲಿ ಯಾರಿಗೆ ಗೊತ್ತಾಗುತ್ತದೆ, ಯಾರು ಎದ್ದು ಲೈಟು ಹಾಕುತ್ತಾರೆ?

ಮೊದಲು ಕಿಟಕಿಯ ವಿಷಯ. ನಮ್ಮದು ತೊಂಬತ್ತರ ದಶಕದ ಆರ್‌ಸಿಸಿ ಮನೆ. ಹಲಸಿನ ಮರದ ಚೌಕಟ್ಟು, ಒಳಗೆ ಗ್ರಿಲ್, ಹೊರಕ್ಕೆ ತೆರೆಯುವ ಗಾಜಿನ ಬಾಗಿಲು. ಸರಳುಗಳೇನೋ ಗಟ್ಟಿಯಾಗಿದ್ದವು. ಆದರೆ ಇಡೀ ಗ್ರಿಲ್ ನಿಂತಿದ್ದು ಮರಕ್ಕೆ ಹೊಡೆದ ಸಣ್ಣ ಸ್ಕ್ರೂಗಳ ಮೇಲೆ. ನಮ್ಮ ಕಡೆಯ ಮಳೆಗೆ ಚೌಕಟ್ಟಿನ ಕೆಳಪಟ್ಟಿ ವರ್ಷ ವರ್ಷ ನೀರು ಕುಡಿದು ಮೆತ್ತಗಾಗಿರುತ್ತದೆ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಇಳಿಯುತ್ತದೆ. ಸ್ಕ್ರೂ ಹಿಡಿದುಕೊಂಡಿರುವುದು ಅದೇ ಮರವನ್ನು. ಹಾರೆ ಕೊಟ್ಟು ಮೀಟಿದರೆ ಒಂದು ಸರಳೂ ಬಾಗದೆ ಗ್ರಿಲ್ ಇಡಿಯಾಗಿ ಕಳಚಿಕೊಳ್ಳುತ್ತದೆ. ಹಳೆ ಮನೆ ಇರುವವರು ಮೊದಲು ನೋಡಬೇಕಾದ್ದು ಇದನ್ನೇ, ಸರಳಿನ ದಪ್ಪವನ್ನಲ್ಲ.

ನಾನು ಮಾಡಿಸಿದ್ದು ಹೀಗೆ. ಗ್ರಿಲ್‌ನ ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿಯ ಕಾಲುಗಳನ್ನು ವೆಲ್ಡ್ ಮಾಡಿಸಿ, ಗೋಡೆಯಲ್ಲಿ ನಾಲ್ಕು ಇಂಚು ಆಳಕ್ಕೆ ಕೊರೆದು, ಕಾಂಕ್ರೀಟ್ ತುಂಬಿಸಿದೆ. ಕಾಲಿನ ತುದಿ ಮೀನಿನ ಬಾಲದ ಹಾಗೆ ಸೀಳಿರಬೇಕು, ಆಗ ಎಳೆದರೆ ಬರುವುದಿಲ್ಲ. ಗೋಡೆ ಕೊರೆಯಲು ಆಗದ ಕಡೆ ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ತೂರುವ ಬೋಲ್ಟ್ ಹಾಕಿಸಿದೆ, ಗುಂಡು ತಲೆ ಹೊರಗೆ, ನಟ್ಟು ಒಳಗೆ. ಉಳಿದ ಸ್ಕ್ರೂಗಳ ತಲೆಯ ಗೀರಿಗೆ ಒಂದೊಂದು ಚುಕ್ಕಿ ವೆಲ್ಡಿಂಗ್ ಹಾಕಿಸಿದೆ, ಸ್ಕ್ರೂಡ್ರೈವರ್ ಕೂರದಂತೆ. ಈ ಕೊನೆಯದಕ್ಕೆ ಖರ್ಚು ಎಂಬುದೇ ಇಲ್ಲ.

ಎರಡು ಕಿಟಕಿಗೆ ಹೊಸ ಗ್ರಿಲ್ಲೇ ಬೇಕಾಯಿತು. ಕ್ಯಾಟಲಾಗ್ ತೋರಿಸುವ ಬಳ್ಳಿ ಹೂವಿನ ವಿನ್ಯಾಸಗಳಲ್ಲಿ ಎಷ್ಟೋ ಒಳಗೆ ಪೊಳ್ಳು ಪೈಪಿನವು. ಒಳಗೂ ಕಬ್ಬಿಣ ತುಂಬಿದ 12 ಎಂಎಂ ಚೌಕ ಸರಳು ಒಂದು ಮೀಟರಿಗೆ ಸುಮಾರು 1.13 ಕೆ.ಜಿ. ತೂಗಬೇಕು. ತೆಳು ಪೈಪು ಅದರ ಅರ್ಧವೂ ತೂಗುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ, ತುಂಡು ಕತ್ತರಿಸಿ ತೂಗಿಸಿ ನೋಡಿ. ಸರಳಿನ ನಡುವಿನ ಸಂದು 10 ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಕಳ್ಳನ ಕಾರಣಕ್ಕಷ್ಟೇ ಅಲ್ಲ, ಮನೆಗೆ ಬರುವ ಮೊಮ್ಮಕ್ಕಳ ತಲೆ ತೂರಬಾರದು.

ತುಕ್ಕು ಹಿಡಿಯುವುದು ಸರಳಿನ ನಡುವೆ ಅಲ್ಲ, ಅದು ಸಿಮೆಂಟಿಗೆ ಸೇರುವ ಬುಡದಲ್ಲಿ. ಕಿಟಕಿ ಕಟ್ಟೆ ಹೊರಕ್ಕೆ ಇಳಿಜಾರಾಗಿದ್ದರೆ ನೀರು ನಿಲ್ಲುವುದಿಲ್ಲ. ನಮ್ಮ ಕಟ್ಟೆಗಳು ಸಮತಟ್ಟಾಗಿದ್ದವು, ಗಾರೆ ಹಾಕಿಸಿ ಇಳಿಜಾರು ಮಾಡಿಸಿದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಬುಡಗಳನ್ನು ಉಜ್ಜಿ ಪ್ರೈಮರ್ ಬಳಿಸುತ್ತೇನೆ.

ಗ್ರಿಲ್ ಭದ್ರವಾದಷ್ಟೂ ಇನ್ನೊಂದು ಭಯ ಹುಟ್ಟುತ್ತದೆ. ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಹಾಲಿನಲ್ಲಿ ಬೆಂಕಿ ಹೊತ್ತಿದರೆ ಮಲಗುವ ಕೋಣೆಯಲ್ಲಿರುವ ಅಮ್ಮ ಹೊರಗೆ ಬರುವುದು ಹೇಗೆ? ಜರ್ಮನಿಯ ಮಾದರಿ ಕಟ್ಟಡ ಸಂಹಿತೆಯಲ್ಲಿ, ತಪ್ಪಿಸಿಕೊಳ್ಳುವ ದಾರಿಯಾಗಿ ಲೆಕ್ಕಕ್ಕೆ ಬರುವ ಕಿಟಕಿಯ ಬಿಡುವು ಕನಿಷ್ಠ 0.90 ಮೀಟರ್‌ಗೆ 1.20 ಮೀಟರ್ ಇರಬೇಕು, ನೆಲದಿಂದ 1.20 ಮೀಟರಿಗಿಂತ ಮೇಲೆ ಇರಬಾರದು. ಅಷ್ಟು ದೊಡ್ಡ ಕಿಟಕಿ ನಮ್ಮ ಮನೆಯಲ್ಲಿಲ್ಲ. ಆದರೂ ಪ್ರತಿ ಮಲಗುವ ಕೋಣೆಯ ಒಂದು ಗ್ರಿಲ್‌ನ ಅರ್ಧ ಭಾಗವನ್ನು ಕೀಲು ಹಾಕಿ ಬಾಗಿಲಿನಂತೆ ತೆರೆಯುವ ಹಾಗೆ ಮಾಡಿಸಿದೆ. ಬೀಗ ಒಳಗಿನಿಂದ. ಬೀಗದ ಕೈ ಅದೇ ಕೋಣೆಯ ಗೋಡೆಯ ಮೊಳೆಯಲ್ಲಿ, ಕಿಟಕಿಯಿಂದ ಕೈ ಹಾಕಿದವನಿಗೆ ಸಿಗದಷ್ಟು ದೂರದಲ್ಲಿ. ಅಮ್ಮ ಕತ್ತಲೆಯಲ್ಲಿ ತಡವಿ ತೆಗೆಯುವುದನ್ನು ಅಭ್ಯಾಸ ಮಾಡಿದ್ದಾಳೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಕಳ್ಳ ಒಯ್ಯುವ ಸಾಮಾನು ಮತ್ತೆ ತಂದುಕೊಳ್ಳಬಹುದು.

ಹಿತ್ತಿಲ ಕಡೆ ಇನ್ನೂ ಕೆಲಸ ಇತ್ತು. ಬಚ್ಚಲಿನ ವೆಂಟಿಲೇಟರಿನ ಲೂವರ್ ಗಾಜುಗಳನ್ನು ಹೊರಗಿನಿಂದ ಕೈಯಲ್ಲೇ ಒಂದೊಂದಾಗಿ ಜಾರಿಸಿ ತೆಗೆಯಬಹುದು, ಅದಕ್ಕೆ ಒಳಗಡೆ ಗ್ರಿಲ್ ಬೇಕೇ ಬೇಕು. ಸೌದೆ ಕೊಟ್ಟಿಗೆಯಲ್ಲಿದ್ದ ಹಾರೆ, ಗುದ್ದಲಿ, ಪಿಕಾಸಿ ಎಲ್ಲ ಈಗ ಮನೆಯೊಳಗೆ. ಮೆಣಸು ಕೊಯ್ಯುವ ಉದ್ದದ ಏಣಿಗೆ ಸರಪಳಿ ಕಟ್ಟಿ ಬೀಗ ಹಾಕಿದೆ. ನಮ್ಮ ಊರಿನ ಹಿತ್ತಿಲುಗಳಲ್ಲಿ ಇವೆಲ್ಲ ಬಯಲಲ್ಲೇ ಬಿದ್ದಿರುತ್ತವೆ, ಕಳ್ಳ ಬರಿಗೈಯಲ್ಲಿ ಬಂದರೂ ಸಾಕು.

ಒಡವೆ ಮನೆಯಲ್ಲಿಲ್ಲ, ಲಾಕರಿನಲ್ಲಿದೆ. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ನೌಕರರ ವಂಚನೆಯಂಥ ಕಾರಣಕ್ಕೆ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ವಿಮೆ ಮಾಡಿಸುವವರು ಷರತ್ತನ್ನು ಸಾಲು ಬಿಡದೆ ಓದಬೇಕು. 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹದಂಥವಕ್ಕೆ ಒಳ್ಳೆಯದು, ಆದರೆ ಅದರ ಮೂಲ ರಕ್ಷಣೆಯಲ್ಲಿ ಕಳ್ಳತನ ಬರುವುದು ಅಂಥ ಅನಾಹುತ ಆದ 7 ದಿನದೊಳಗೆ, ಅದರಿಂದಾಗಿಯೇ ಆಗಿದ್ದರೆ ಮಾತ್ರ. ಬೀಗ ಮುರಿದು ನುಗ್ಗುವುದಕ್ಕೆ ಬೇರೆ ರಕ್ಷಣೆ ಬೇಕು. ಖಾಲಿ ಬಿಟ್ಟ ಮನೆಗೆ ಏನು ಷರತ್ತು ಎಂದು ಲಿಖಿತವಾಗಿ ಕೇಳಿ ಪಡೆಯಿರಿ.

ಇನ್ನು ಸುದ್ದಿ ಮುಟ್ಟುವ ದಾರಿ. ಪ್ರತಿ ಕಿಟಕಿಗೆ ಸೆನ್ಸರ್, ಹಿಂದೆ ಮುಂದೆ ಕ್ಯಾಮೆರಾ, ಸಜ್ಜದ ಕೆಳಗೆ ಸೈರನ್. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ, ಹಾಗಾಗಿ ರೂಟರ್‌ಗೆ ಸಣ್ಣ ಯುಪಿಎಸ್, ಜೊತೆಗೆ ಸಿಮ್ ಹಾಕಿದ ಒಂದು ಕ್ಯಾಮೆರಾ. ಆ ಸಿಮ್ಮಿಗೆ ರೀಚಾರ್ಜ್ ತಪ್ಪಬಾರದು, 90 ದಿನ ಬಳಕೆ ಇಲ್ಲದಿದ್ದರೆ ನಂಬರೇ ಕೈತಪ್ಪಬಹುದು. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ, ಬಲೆ ಅಲುಗಿದರೆ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ವಾರಕ್ಕೊಮ್ಮೆ ಪೊರಕೆಯಿಂದ ಸವರಿದರೆ ಸಾಕು.

ಊರಿನ ರಾತ್ರಿ ಎರಡು ಗಂಟೆ ಎಂದರೆ ಇಲ್ಲಿ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ನಾವು ಎದ್ದೇ ಇರುತ್ತೇವೆ, ಇದು ನಮ್ಮ ಅದೃಷ್ಟ. ಆದರೆ ಹೊರದೇಶದಲ್ಲಿರುವವರು ಮರೆಯಬಾರದ ಒಂದು ವಿಷಯವಿದೆ. 112 ಒತ್ತಿದರೆ ಕರೆ ಚಿಕ್ಕಮಗಳೂರಿಗೆ ಹೋಗುವುದಿಲ್ಲ. ಯುರೋಪಿನಲ್ಲೂ ತುರ್ತು ಸಂಖ್ಯೆ ಅದೇ, ಸ್ಟುಟ್‌ಗಾರ್ಟಿನ ಅಗ್ನಿಶಾಮಕದವರು ಎತ್ತಿಕೊಳ್ಳುತ್ತಾರೆ. ಆದ್ದರಿಂದ ನಮ್ಮ ಠಾಣೆಯ ಸ್ಥಿರ ದೂರವಾಣಿಯನ್ನು +91 8262 ಕೋಡ್ ಸಮೇತ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಹಾಸನದವರಿಗೆ ಆ ಕೋಡ್ 8172. ಹೊರಡುವ ಮುನ್ನ ಠಾಣೆಗೆ ಹೋಗಿ, ಮನೆ ಖಾಲಿ ಇರುತ್ತದೆ ಎಂದು ಬರೆದುಕೊಟ್ಟು, ಬೀಟ್ ಪೊಲೀಸರ ಪರಿಚಯ ಮಾಡಿಕೊಂಡು ಬರುತ್ತೇನೆ.

ಠಾಣೆಗಿಂತ ಮೊದಲು ನಾನು ಫೋನ್ ಮಾಡುವುದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ. ಅವರ ಜೊತೆ ಮಾತಾಡಿಕೊಂಡಿರುವುದು ಇಷ್ಟೇ: ಹೊರಗೆ ಬರಬೇಡಿ, ನಿಮ್ಮ ಮನೆಯ ಲೈಟೆಲ್ಲ ಹಾಕಿ, 112ಕ್ಕೆ ಕರೆ ಮಾಡಿ, ಕಿಟಕಿಯಿಂದ ಜೋರಾಗಿ ಕೂಗಿ. ವಯಸ್ಸಾದವರನ್ನು ಕಳ್ಳನ ಎದುರು ನಿಲ್ಲಿಸುವ ಹಕ್ಕು ನಮಗಿಲ್ಲ. ಒಮ್ಮೆ ಆಗಸ್ಟಿನ ಗಾಳಿಮಳೆಯಲ್ಲಿ ಹಿತ್ತಿಲ ಸೆನ್ಸರ್ ಕೂಗಿತು. ನಾನು ಫೋನ್ ಇಡುವಷ್ಟರಲ್ಲಿ ಅವರ ಮನೆಯ ಲೈಟು ಹತ್ತಿದ್ದು ನನ್ನ ಕ್ಯಾಮೆರಾದಲ್ಲೇ ಕಂಡಿತು. ಚಿಲಕ ಸಡಿಲವಾಗಿ ಕಿಟಕಿ ಬಾಗಿಲು ಬಡಿದುಕೊಂಡಿತ್ತು, ಅಷ್ಟೆ. ಆದರೆ ಮೂರು ನಿಮಿಷ ನಮಗೆ ಸಾಕಾಗುತ್ತದೆ ಎಂಬ ಧೈರ್ಯ ಬಂದಿದ್ದು ಅವತ್ತೇ.

ಅಂಗಳದ ವಿಷಯದಲ್ಲಿ ಹಣ ಉಳಿಸಬೇಡಿ. ಮಲೆನಾಡಿನಲ್ಲಿ ಜನ ಓಡಾಡದ ಅಂಗಳಕ್ಕೆ ಬೇಗ ಪಾಚಿ ಕಟ್ಟುತ್ತದೆ, ಬೀದಿಯಲ್ಲಿ ನಿಂತವನಿಗೂ ಮನೆ ಖಾಲಿ ಎಂದು ತಿಳಿಯುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವವರು ದಿನವೂ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಾರೆ. ಮೊದಲಿನ ಸಂಬಳವನ್ನೇ ಪೂರ್ತಿ ಕೊಡುತ್ತೇವೆ.

ಸ್ಟುಟ್‌ಗಾರ್ಟಿನ ಫ್ಲಾಟಿನಲ್ಲಿ ಚಿಂತೆ ಬೇರೆ. ನಾವು ಮೂರನೇ ಮಹಡಿಯಲ್ಲಿದ್ದೇವೆ, ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ಇಲ್ಲಿನ ಕಿಟಕಿ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಪೂರ್ತಿ ತೆರೆದುಕೊಳ್ಳುತ್ತದೆ, ಗ್ರಿಲ್ ಇಲ್ಲ. ಮಾಲೀಕರ ಒಪ್ಪಿಗೆ ಪಡೆದು ಕೀಲಿ ಇರುವ ಹಿಡಿ ಹಾಕಿಸಿದೆ, ಈಗ ವಾಲಿಸಲು ಮಾತ್ರ ಬರುತ್ತದೆ. ಮಂಚ, ಸೋಫಾ ಯಾವುದೂ ಕಿಟಕಿಯ ಕೆಳಗಿಲ್ಲ. ನೆಲಮಹಡಿಯಲ್ಲಿರುವವರಾದರೆ ಹೊರಗೆ ಹೋಗುವಾಗ ಕಿಟಕಿ ವಾಲಿಸಿ ಬಿಡಬೇಡಿ, ಹಾಗೆ ಬಿಟ್ಟದ್ದನ್ನು ತೆರೆಯುವುದು ಕಳ್ಳನಿಗೆ ಬಲು ಸುಲಭ. ಜರ್ಮನಿಯ ಪೊಲೀಸರ ಸಲಹಾ ಕೇಂದ್ರಗಳಲ್ಲಿ ಇದಕ್ಕೆಲ್ಲ ಉಚಿತವಾಗಿ ಸಲಹೆ ಕೊಡುತ್ತಾರೆ, ಬಾಡಿಗೆದಾರರೂ ಕೇಳಬಹುದು. ತೆಗೆದ ಹಳೆಯ ಹಿಡಿಗಳನ್ನು ಸ್ಕ್ರೂ ಸಮೇತ ಚೀಟಿ ಅಂಟಿಸಿ ಎತ್ತಿಟ್ಟುಕೊಳ್ಳಿ, ಮನೆ ಬಿಡುವಾಗ ಮೊದಲಿದ್ದ ಹಾಗೇ ಕೂರಿಸಿ ಕೊಡಬೇಕಾಗುತ್ತದೆ.