ಐರ್ಲೆಂಡಿನಲ್ಲಿ ಮೊದಲ ಸಂಬಳ: ‘ಗ್ರ್ಯಾಂಡ್’ ಅಂದವರನ್ನು ನಂಬಬೇಡಿ

ಹೋದ ತಿಂಗಳು ದಾವಣಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಡಬ್ಲಿನ್‌ಗೆ ಬಂದು ಏಳು ವಾರ ಆಗಿತ್ತಂತೆ. “ಅಣ್ಣಾ, ಸಂಬಳದಲ್ಲಿ ಅರ್ಧಕ್ಕರ್ಧ ಹೋಗಿಬಿಟ್ಟಿದೆ. ಎಚ್ಆರ್ ಮೇಡಂನ ಕೇಳಿದ್ರೆ ಗ್ರ್ಯಾಂಡ್, ಗ್ರ್ಯಾಂಡ್ ಅಂತಾರೆ.” ಈ ವರ್ಷ ಇಂಥದ್ದು ಇದು ನಾಲ್ಕನೇ ಫೋನ್. ನನಗೆ ಪಾಪ ಅನ್ನಿಸಿತು, ನಗೂ ಬಂತು. ಯಾಕೆಂದರೆ ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ, ಅದೂ ಮೂರು ತಿಂಗಳು.

ಮಳೆ, ಮನೆ ಬಾಡಿಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನೋದನ್ನೆಲ್ಲ ನಿಮ್ಮ ವಾಟ್ಸಾಪ್ ಗುಂಪು ಹೇಳುತ್ತೆ. ಕೈ ಅಡ್ಡ ಹಿಡಿಯದಿದ್ದರೆ ಬಸ್ಸು ನಿಲ್ಲಲ್ಲ ಅಂತ ಎರಡನೇ ದಿನ ನೀವೇ ಕಲಿಯುತ್ತೀರಿ. ಅದನ್ನೆಲ್ಲ ಬಿಡೋಣ. ನಿಮ್ಮ ದುಡ್ಡು ತಿನ್ನುವ ವಿಷಯ ಬೇರೆ ಇದೆ. ಅದಕ್ಕೂ ಮೊದಲು ಈ ‘ಗ್ರ್ಯಾಂಡ್’ ಏನು ಅಂತ ಗೊತ್ತಾಗಬೇಕು.

ಇಲ್ಲಿ ಎಲ್ಲವೂ ಗ್ರ್ಯಾಂಡ್. ಹೇಗಿದ್ದೀರಿ ಅಂದರೆ ಗ್ರ್ಯಾಂಡ್. ಚಹಾ ಬೇಕಾ ಅಂದರೂ ‘ಐಯಾಮ್ ಗ್ರ್ಯಾಂಡ್’, ಅಂದರೆ ಬೇಡ ಅಂತ. ಛಾವಣಿ ಸೋರುತ್ತಿದೆ ಅಂತ ಮನೆ ಮಾಲೀಕನಿಗೆ ಹೇಳಿದರೂ ‘ಇಟ್ಸ್ ಗ್ರ್ಯಾಂಡ್’. ಇನ್ನು ‘ಐ ವಿಲ್, ಯಾ’ ಅಂತ ಒಂದಿದೆ. ಕೇಳೋಕೆ ಒಪ್ಪಿಗೆ ಥರ ಇರುತ್ತೆ. ಒಂದು ಬಗೆಯ ರಾಗದಲ್ಲಿ ಅಂದರೆ ‘ಖಂಡಿತ ಮಾಡಲ್ಲ’ ಅಂತ ಅರ್ಥ. ಕಾರ್ಕ್ ಕಡೆಯ ಸಹೋದ್ಯೋಗಿಯೊಬ್ಬರು ನನಗೆ ಹಾಗೆ ಅಂದಾಗ ನಾನು ಎರಡು ದಿನ ಅವರ ಇಮೇಲ್‌ಗೆ ಕಾದಿದ್ದೆ.

ಇದು ನಮಗೆ ಹೊಸದೇನಲ್ಲ ಅಲ್ವಾ? ಊರಲ್ಲಿ ಸಾಲ ಕೇಳಿದಾಗ ಮಾವ “ನೋಡೋಣ” ಅಂದರೆ ಸಾಲ ಸಿಗಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ನೆಂಟರ ಮನೆಯಲ್ಲಿ ಮೊದಲ ಸಲ ಕಾಫಿ ಕೊಟ್ಟಾಗ “ಅಯ್ಯೋ ಬೇಡ, ಈಗ ತಾನೇ ಆಯ್ತು” ಅನ್ನೋದು ಮರ್ಯಾದೆ, ಮೂರನೇ ಸಲ ತಗೊಳ್ಳೋದೂ ಮರ್ಯಾದೆ. ಇಲ್ಲಿನ ಹಳ್ಳಿ ಮನೆಗಳಲ್ಲೂ ಹಾಗೇ ನಡೆಯುತ್ತೆ. ಇನ್ನೊಂದು ಸ್ವಾರಸ್ಯ ಇದೆ. ಐರಿಷ್ ಭಾಷೆಯಲ್ಲಿ ಹೌದು, ಇಲ್ಲ ಅನ್ನೋಕೆ ಪ್ರತ್ಯೇಕ ಪದವೇ ಇಲ್ಲ. ತಿಂದೆಯಾ ಅಂದರೆ ‘ತಿಂದೆ’ ಅನ್ನಬೇಕು. ನಾವೂ ಊಟ ಆಯ್ತಾ ಅಂದರೆ ‘ಆಯ್ತು’ ಅಂತೀವಿ ತಾನೇ. ಕನ್ನಡದಲ್ಲಿ ನಮಗೆ ಇದೆಲ್ಲ ಚೆನ್ನಾಗಿ ಅರ್ಥ ಆಗುತ್ತೆ. ಇಂಗ್ಲಿಷಿನಲ್ಲಿ ಕೇಳಿದ ತಕ್ಷಣ ಮಾತ್ರ ನಾವು ಪೆದ್ದರಾಗುತ್ತೇವೆ. ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತೇವೆ.

(ನೇರವಾಗಿ ಮಾತಾಡಿದ ಐರಿಷರೂ ಇದ್ದರು ಬಿಡಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಬೆಲ್‌ಫಾಸ್ಟ್ ಮೂಲದ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ವಿದ್ಯಾರ್ಥಿ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಆತ ಸುಮ್ನೆ ‘ಗ್ರ್ಯಾಂಡ್’ ಅಂದು ಕಾಗದ ವಾಪಸ್ ಕೊಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ!)

ಈಗ ದುಡ್ಡಿನ ಮಾತು. ಕೆಲಸಕ್ಕೆ ಸೇರಿದ ಮೂರನೇ ವಾರ ನನ್ನ ಪಿಪಿಎಸ್ ನಂಬರ್ ಬಂತು. ಇದು ನಮ್ಮ ಪಾನ್ ಇದ್ದ ಹಾಗೆ, ಆದರೆ ತೆರಿಗೆಯಿಂದ ಹಿಡಿದು ಆಸ್ಪತ್ರೆವರೆಗೆ ಎಲ್ಲದಕ್ಕೂ ಬೇಕು. ಖುಷಿಯಿಂದ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್ ಮೇಡಂಗೆ ಕೊಟ್ಟೆ. ಆಕೆ ಬರೆದುಕೊಂಡು, “ದಟ್ಸ್ ಗ್ರ್ಯಾಂಡ್” ಅಂದರು. ಮುಗೀತು ಅಂದುಕೊಂಡೆ. ಆಕೆ ಹೇಳಿದ್ದು ‘ನಂಬರ್ ಸಿಕ್ಕಿತು’ ಅಂತ ಮಾತ್ರ. ನನ್ನ ಕಿವಿಗೆ ಕೇಳಿದ್ದು ‘ಎಲ್ಲ ಆಯ್ತು, ಹೋಗಿ ಮಲಗಿ’ ಅಂತ.

ಮುಖ್ಯ ಕೆಲಸ ಉಳಿದಿತ್ತು. ಪಿಪಿಎಸ್ ನಂಬರ್ ಬಂದ ಮೇಲೆ ರೆವೆನ್ಯೂ, ಅಂದರೆ ಇಲ್ಲಿನ ತೆರಿಗೆ ಇಲಾಖೆಯ ‘ಮೈಅಕೌಂಟ್’ಗೆ ನೀವೇ ಹೋಗಬೇಕು. ಅದರಲ್ಲಿ ‘ಜಾಬ್ಸ್ ಅಂಡ್ ಪೆನ್ಷನ್ಸ್’ ಅನ್ನುವ ಕಡೆ ನಿಮ್ಮ ಮೊದಲ ಕೆಲಸವನ್ನು ನೀವೇ ದಾಖಲು ಮಾಡಬೇಕು. ಕಂಪನಿ ಮಾಡಲ್ಲ. ಅದಕ್ಕೆ ಕಂಪನಿಯ ತೆರಿಗೆ ನೋಂದಣಿ ನಂಬರ್ ಬೇಕು, ಮೊದಲ ದಿನವೇ ಕೇಳಿ ಇಟ್ಟುಕೊಳ್ಳಿ. ನೀವು ದಾಖಲು ಮಾಡಿದ ಮೇಲೆ ರೆವೆನ್ಯೂದಿಂದ ಕಂಪನಿಗೆ ಆರ್‌ಪಿಎನ್ ಅನ್ನುವ ಸೂಚನೆ ಹೋಗುತ್ತೆ. ಇವರಿಗೆ ಇಷ್ಟು ವಿನಾಯಿತಿ ಇದೆ, ಇಷ್ಟು ತೆರಿಗೆ ಹಿಡಿಯಿರಿ ಅಂತ ಅದರಲ್ಲಿರುತ್ತೆ. ಅದು ಬರೋವರೆಗೆ ಕಂಪನಿ ಎಮರ್ಜೆನ್ಸಿ ಟ್ಯಾಕ್ಸ್ ಹಿಡಿಯಲೇಬೇಕು. ಕಾನೂನು ಹಾಗಿದೆ, ಪೇರೋಲ್‌ನವರ ಮೇಲೆ ರೇಗಿ ಪ್ರಯೋಜನ ಇಲ್ಲ.

ಪಿಪಿಎಸ್ ನಂಬರೇ ಇಲ್ಲದಿದ್ದರೆ ಮೊದಲ ದಿನದಿಂದಲೇ ಇಡೀ ಸಂಬಳಕ್ಕೆ ಶೇ. 40 ತೆರಿಗೆ. ನಂಬರ್ ಇದ್ದು ಕೆಲಸ ದಾಖಲಾಗಿಲ್ಲ ಅಂದರೆ ನಾಲ್ಕು ವಾರ ಸ್ವಲ್ಪ ಕಡಿಮೆ ಹೊಡೆತ, ಐದನೇ ವಾರದಿಂದ ಅದೇ ಶೇ. 40. ಅದರ ಮೇಲೆ ಯುಎಸ್‌ಸಿ ಅನ್ನುವ ಇನ್ನೊಂದು ತೆರಿಗೆ ಶೇ. 8. ವಿನಾಯಿತಿ ಒಂದು ಸೆಂಟೂ ಇಲ್ಲ. 2025ರ ಸೆಪ್ಟೆಂಬರ್‌ವರೆಗಿನ ದರದಲ್ಲಿ ಲೆಕ್ಕ ಹಾಕಿ ನೋಡಿ. ಮದುವೆಯಾಗದ ಹುಡುಗ, ತಿಂಗಳಿಗೆ 4,000 ಯೂರೋ. ಎಲ್ಲ ಸರಿಯಿದ್ದರೆ ಆದಾಯ ತೆರಿಗೆ ಸುಮಾರು 533, ಯುಎಸ್‌ಸಿ 82, ಪಿಆರ್‌ಎಸ್‌ಐ ಅಂದರೆ ಸಾಮಾಜಿಕ ವಿಮೆಗೆ 164. ಕೈಗೆ 3,200ರ ಮೇಲೆ ಬರುತ್ತೆ. ಎಮರ್ಜೆನ್ಸಿಯಲ್ಲಿ ತೆರಿಗೆಯೇ 1,600, ಯುಎಸ್‌ಸಿ 320, ಪಿಆರ್‌ಎಸ್‌ಐ ಅದೇ 164. ಕೈಗೆ 1,916. ತಿಂಗಳಿಗೆ 1,300 ಯೂರೋ ಕಡಿಮೆ. ಇದೇ ಸಮಯಕ್ಕೆ ಮನೆ ಡಿಪಾಸಿಟ್ ಕಟ್ಟಬೇಕು, ಹಾಸಿಗೆ ಕೊಳ್ಳಬೇಕು, ಊರಿಗೆ ಇಎಂಐ ಕಳಿಸಬೇಕು. ನಾನು ಎರಡನೇ ತಿಂಗಳು ಗೆಳೆಯನ ಹತ್ತಿರ ಸಾಲ ಮಾಡಿದೆ. ಅವನೂ ಮೊದಲು “ನೋಡೋಣ” ಅಂದಿದ್ದ.

ಇದರೊಳಗೆ ಇನ್ನೊಂದು ಸಣ್ಣ ಹಳ್ಳ ಇದೆ. ಆನ್‌ಲೈನಿನಲ್ಲಿ ಗುರುತು ಖಾತ್ರಿ ಆಗದಿದ್ದರೆ ಮೈಅಕೌಂಟ್‌ನ ಪಾಸ್‌ವರ್ಡ್ ಅಂಚೆಯಲ್ಲಿ ಬರುತ್ತೆ. ಹೊಸಬರು ಮೊದಲ ತಿಂಗಳು ತಾತ್ಕಾಲಿಕ ರೂಮಿನಲ್ಲಿರುತ್ತಾರೆ, ಆಮೇಲೆ ಮನೆ ಬದಲಿಸುತ್ತಾರೆ. ಪತ್ರ ಹಳೇ ವಿಳಾಸಕ್ಕೆ ಹೋಗುತ್ತೆ. ನನ್ನದು ಹೋಯಿತು. ಹಳೇ ಮನೆಯ ಅಡುಗೆಮನೆಯಲ್ಲಿ, ಪಿಜ್ಜಾ ಅಂಗಡಿಯ ಕರಪತ್ರಗಳ ಅಡಿಯಲ್ಲಿ, ಸಾರಿನ ಕಲೆ ಸಮೇತ ಸಿಕ್ಕಿತು. ಅಲ್ಲಿದ್ದವನನ್ನು ಕೇಳಿದೆ, ಯಾಕಪ್ಪಾ ಹೇಳಲಿಲ್ಲ? “ಆಹ್, ಗ್ರ್ಯಾಂಡ್ ಅಂದುಕೊಂಡೆ” ಅಂದ. ವಿಳಾಸ ಬರೆಯುವಾಗ ಏರ್‌ಕೋಡ್ ಮರೆಯಬೇಡಿ. 2015ರಲ್ಲಿ ಬಂದ, ಅಕ್ಷರ-ಅಂಕಿ ಸೇರಿ ಏಳು ಇರುವ ಈ ಅಂಚೆ ಕೋಡ್ ಪ್ರತಿ ಮನೆಗೂ ಬೇರೆ ಬೇರೆ. ಹಳ್ಳಿ ಕಡೆ ಎಷ್ಟೋ ಮನೆಗೆ ನಂಬರೂ ಇಲ್ಲ, ಬೀದಿ ಹೆಸರೂ ಇಲ್ಲ.

ಹೋದ ದುಡ್ಡು ವಾಪಸ್ ಬರುತ್ತೆ, ಗಾಬರಿ ಬೇಡ. ಕೆಲಸ ದಾಖಲಾದರೆ ಸಾಮಾನ್ಯವಾಗಿ ಮುಂದಿನ ಸಂಬಳದಲ್ಲೇ ಸೇರಿ ಬರುತ್ತೆ. ಆದರೆ ನಿಮ್ಮ ತೆರಿಗೆ ಪತ್ರದಲ್ಲಿ ‘ಕ್ಯುಮುಲೇಟಿವ್’, ಅಂದರೆ ವರ್ಷದ ಶುರುವಿನಿಂದ ಒಟ್ಟು ಲೆಕ್ಕ, ಅಂತ ಇದೆಯಾ ನೋಡಿ. ‘ವೀಕ್ 1’ ಅಂತ ಇದ್ದರೆ ಹಿಂದಿನದು ತಾನಾಗಿ ಬರಲ್ಲ, ವರ್ಷ ಮುಗಿದ ಮೇಲೆ ಕೇಳಿ ಪಡೆಯಬೇಕು. ಕೇಳೋಕೆ ನಾಲ್ಕು ವರ್ಷ ಗಡುವು. ಇಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ಏಪ್ರಿಲ್ ಲೆಕ್ಕ ತಲೆಯಿಂದ ತೆಗೆದುಬಿಡಿ.

ಇಷ್ಟೆಲ್ಲ ಬೈದರೂ, ಒಮ್ಮೆ ಹಳಿಗೆ ಬಂದ ಮೇಲೆ ಇಲ್ಲಿನ ವ್ಯವಸ್ಥೆಯೇ ನನಗೆ ಇಷ್ಟ. ಬೆಂಗಳೂರಿನಲ್ಲಿ ಪ್ರತಿ ಜನವರಿ ಬಾಡಿಗೆ ರಸೀದಿ, ವಿಮೆ ರಸೀದಿ ಹಿಡಿದು ಎಚ್ಆರ್ ಮುಂದೆ ನಿಲ್ಲುತ್ತಿದ್ದೆ. ಮಾಲೀಕರು ಪಾನ್ ಕೊಡಲ್ಲ ಅಂದರೆ ಅವರ ಕಾಲು ಹಿಡಿಯಬೇಕಿತ್ತು. ಇಲ್ಲಿ ನನ್ನ ಮನೆ ವಿಷಯ ಕಂಪನಿಗೆ ಗೊತ್ತೇ ಆಗಲ್ಲ. ಎಲ್ಲ ನನಗೂ ರೆವೆನ್ಯೂಗೂ ನಡುವೆ. ಆದರೆ ಕೇಳದೆ ಯಾರೂ ಕೊಡಲ್ಲ. ಬಾಡಿಗೆ ವಿನಾಯಿತಿ 2024ರಿಂದ ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗೆ, ದಂಪತಿಗೆ 2,000. ವೈದ್ಯರಿಗೆ ಕೊಟ್ಟ ದುಡ್ಡಿನಲ್ಲಿ ಶೇ. 20 ವಾಪಸ್ ಕೇಳಬಹುದು. ಸಂಗಾತಿಗೆ ಪಿಪಿಎಸ್ ಬಂದ ಮೇಲೆ ಜಂಟಿ ಲೆಕ್ಕಕ್ಕೆ ಬದಲಾಯಿಸಿ. ಒಬ್ಬರೇ ದುಡಿಯುತ್ತಿದ್ದರೆ 2025ರಲ್ಲಿ ಶೇ. 40ರ ಬದಲು ಶೇ. 20 ಮಾತ್ರ ತೆರಿಗೆ ಬೀಳುವ ವರ್ಷದ ಆದಾಯದ ಮಿತಿ 44,000 ಯೂರೋದಿಂದ 53,000ಕ್ಕೆ ಏರುತ್ತಿತ್ತು. ಎರಡು ವರ್ಷ ಇದನ್ನು ಮಾಡದೇ ಇದ್ದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಯಾರು ಅಂತ ಹೇಳಲ್ಲ.

ಇನ್ಮೇಲೆ ಯಾರಾದರೂ ಗ್ರ್ಯಾಂಡ್ ಅಂದರೆ ಎರಡನೇ ಪ್ರಶ್ನೆ ಕೇಳಿ. “ಸರಿ, ಈಗ ನಾನು ಏನು ಮಾಡಬೇಕು?” ಅಂತ. ನಗುತ್ತಾ ಕೇಳಿ, ಜೋರು ಮಾಡಿದರೆ ಇವರು ಇನ್ನೂ ಮೃದುವಾಗಿ ಜಾರಿಕೊಳ್ಳುತ್ತಾರೆ. ದಾವಣಗೆರೆ ಹುಡುಗ ಕೇಳಿದನಂತೆ. ಆ ಎಚ್ಆರ್ ಮೇಡಂ ಹತ್ತು ನಿಮಿಷ ಪಕ್ಕದಲ್ಲಿ ಕೂತು ಎಲ್ಲ ತೋರಿಸಿಕೊಟ್ಟರಂತೆ. ಒಳ್ಳೆಯ ಜನ, ಅದರಲ್ಲಿ ಅನುಮಾನ ಇಲ್ಲ.

ನನ್ನ ದುಡ್ಡು ಬಂದದ್ದು ನಾಲ್ಕನೇ ತಿಂಗಳ ಸಂಬಳದಲ್ಲಿ, ಕ್ರಿಸ್‌ಮಸ್‌ಗೆ ಒಂದು ವಾರ ಮೊದಲು. ಆಫೀಸಿನ ಕೆಟಲ್ ಹತ್ತಿರ ಪೇರೋಲ್ ಮೇಡಂ ಸಿಕ್ಕರು. ಎಲ್ಲ ವಾಪಸ್ ಬಂತು ಅಂದೆ. ಚಹಾ ಕಲಕುತ್ತಾ ಅಂದರು, “ನಾನು ಹೇಳಿರಲಿಲ್ವಾ, ಗ್ರ್ಯಾಂಡ್ ಅಂತ?”