ವಿಂಡೋಸ್ ಇನ್‌ಸ್ಟಾಲೇಷನ್ ಡಿಸ್ಕ್‌ಗೆ ಸ್ಟೋರೇಜ್ ಡ್ರೈವರ್ ಸೇರಿಸುವುದು ಹೇಗೆ?

ವಿಂಡೋಸ್ ಹಾಕಲು ಹೊರಟಾಗ ಡಿಸ್ಕ್ ಆಯ್ಕೆಯ ಪರದೆ ಖಾಲಿಯಾಗಿ ಕಂಡರೆ, ಎಸ್‌ಎಸ್‌ಡಿ ಕೆಟ್ಟಿದೆಯೆಂದು ತೀರ್ಮಾನಿಸಬೇಕಾಗಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ (ವೇಗದ ಬಗೆಯ ಎಸ್‌ಎಸ್‌ಡಿ) ವಿಎಂಡಿ ಎಂಬ ನಿಯಂತ್ರಕದ ಹಿಂದಿರುತ್ತದೆ. ಆ ನಿಯಂತ್ರಕದ ಡ್ರೈವರ್ (ಅದನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ) ಸಿಗದಿದ್ದರೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ.

ಇರುವುದು ಒಂದೇ ಕಂಪ್ಯೂಟರ್ ಆದರೆ, ಡ್ರೈವರ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದೇ ಪರದೆಯಲ್ಲಿ 'ಲೋಡ್ ಡ್ರೈವರ್' ಒತ್ತುವುದೇ ಸುಲಭ. (ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದಕ್ಕೆ ಎಫ್6 ಒತ್ತಿ ಫ್ಲಾಪಿ ಹಾಕಬೇಕಿತ್ತು.) ಹಲವು ಯಂತ್ರಗಳಿಗೆ ಒಂದೇ ಇನ್‌ಸ್ಟಾಲೇಷನ್ ಡಿಸ್ಕ್ ಬಳಸುವವರಿಗೆ ಮಾತ್ರ, ಡ್ರೈವರನ್ನು ಅದರೊಳಗೇ ಸೇರಿಸುವ ಮುಂದಿನ ಶ್ರಮ ಸಾರ್ಥಕ.

ಮೊದಲು ತಯಾರಕರ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡು ಬಿಡಿಸಿಡಿ. ಬೇಕಾದದ್ದು ಡಾಟ್ ಐಎನ್‌ಎಫ್ ಕಡತ ಮತ್ತು ಅದರ ಜೊತೆಗಿನ ಸಿಸ್, ಕ್ಯಾಟ್ ಕಡತಗಳು. ಡಾಟ್ ಇಎಕ್ಸ್‌ಇ ಕಡತವನ್ನು ಹಾಗೆಯೇ ಕೊಟ್ಟರೆ ಕೆಲಸವಾಗದು. ಬಳಿಕ ವಿಂಡೋಸ್‌ನ ಐಎಸ್‌ಒದಲ್ಲಿ (ಇನ್‌ಸ್ಟಾಲೇಷನ್ ಡಿಸ್ಕ್‌ನ ಪೂರ್ಣ ಪ್ರತಿಯಿರುವ ಕಡತ) ಇರುವುದನ್ನೆಲ್ಲ ಒಂದು ಫೋಲ್ಡರ್‌ಗೆ ನಕಲಿಸಿ, 'ಸೋರ್ಸಸ್' ಒಳಗಿನ ವಿಮ್ ಕಡತಗಳ (ವಿಂಡೋಸ್ ಅಡಕವಾಗಿರುವ ಕಡತಗಳು) 'ರೀಡ್ ಓನ್ಲಿ' ಗುರುತನ್ನು ತೆಗೆಯಿರಿ.

ಮುಖ್ಯ ಕೆಲಸ ಸೆಟಪ್ ಶುರುವಾಗುವ ಬೂಟ್ ಡಾಟ್ ವಿಮ್‌ನದು. ಅದರಲ್ಲಿ ಎರಡು ಇಮೇಜ್‌ಗಳು, ಅಂದರೆ ವಿಂಡೋಸ್‌ನ ಬೇರೆಬೇರೆ ಪ್ರತಿಗಳು, ಇರುತ್ತವೆ. ಸೆಟಪ್ ನಡೆಯುವುದು ಎರಡನೆಯದರಲ್ಲಿ, ಆದ್ದರಿಂದ ಮೊದಲನೆಯದಕ್ಕೆ ಮಾತ್ರ ಡ್ರೈವರ್ ಸೇರಿಸಿದರೆ ಪರದೆ ಮತ್ತೆ ಖಾಲಿಯೇ ಉಳಿಯುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಉಪಕರಣದ 'ಮೌಂಟ್ ಇಮೇಜ್' ಆದೇಶದಿಂದ ಇಂಡೆಕ್ಸ್ 2 ಅನ್ನು (ಎರಡನೆಯ ಇಮೇಜ್) ಖಾಲಿ ಫೋಲ್ಡರ್ ಒಂದಕ್ಕೆ ಮೌಂಟ್ ಮಾಡಿ (ಬದಲಾಯಿಸಲು ತೆರೆದಿಟ್ಟು), 'ಆ್ಯಡ್ ಡ್ರೈವರ್' ಆದೇಶಕ್ಕೆ ಒಳಫೋಲ್ಡರ್‌ಗಳನ್ನೂ ಹುಡುಕುವ 'ರಿಕರ್ಸ್' ಸೇರಿಸಿ ಡ್ರೈವರ್ ಫೋಲ್ಡರ್‌ನ ವಿಳಾಸ ಕೊಡಿ. ಮೌಂಟ್ ಮಾಡಿದ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿದ್ದರೆ ಮುಚ್ಚಿ, ಬದಲಾವಣೆ ಉಳಿಸುವ 'ಕಮಿಟ್' ಸಹಿತ ಅನ್‌ಮೌಂಟ್ ಮಾಡಿ. 'ಡಿಸ್ಕಾರ್ಡ್' ಎಂದು ಬರೆದರೆ ಮಾಡಿದ್ದೆಲ್ಲ ವ್ಯರ್ಥ.

ಸ್ಥಾಪನೆಯಾಗುವ ವಿಂಡೋಸ್ ಇರುವ ಇನ್‌ಸ್ಟಾಲ್ ಡಾಟ್ ವಿಮ್‌ನಲ್ಲಿ ನಿಮಗೆ ಬೇಕಾದ ಆವೃತ್ತಿಯ ಇಂಡೆಕ್ಸ್ ಸಂಖ್ಯೆಯನ್ನು 'ಗೆಟ್ ಇಮೇಜ್ ಇನ್ಫೊ' ಮೂಲಕ ತಿಳಿದುಕೊಂಡು ಅದಕ್ಕೂ ಇದನ್ನೇ ಮಾಡಿ. ಇಲ್ಲವಾದರೆ ಸ್ಥಾಪನೆಯ ನಂತರ ಹೊಸ ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸದೆ ನಿಲ್ಲಬಹುದು. ವಿಮ್ ಬದಲು ಇಎಸ್‌ಡಿ (ಇನ್ನೂ ಕುಗ್ಗಿಸಿದ ರೂಪ) ಕಡತವಿದ್ದರೆ ಮೊದಲು ಅದನ್ನು 'ಎಕ್ಸ್‌ಪೋರ್ಟ್ ಇಮೇಜ್' ಮೂಲಕ ವಿಮ್ ಮಾಡಿಕೊಳ್ಳಬೇಕು.

ಕೊನೆಗೆ ಮೈಕ್ರೋಸಾಫ್ಟ್‌ನ ಆಸ್ಕ್‌ಡಿಮ್ಗ್ ಉಪಕರಣದಿಂದ ಐಎಸ್‌ಒ ಮಾಡಿಕೊಳ್ಳಿ, ಅಥವಾ ಈಗಾಗಲೇ ಸಿದ್ಧವಿರುವ ಪೆನ್‌ಡ್ರೈವ್‌ನಲ್ಲಿ ಬೂಟ್ ಮತ್ತು ಇನ್‌ಸ್ಟಾಲ್ ಎಂಬ ಈ ಎರಡು ವಿಮ್ ಕಡತಗಳನ್ನಷ್ಟೇ ಬದಲಿಸಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಕಡತ ಹಿಡಿಸದು. 'ಸ್ಪ್ಲಿಟ್ ಇಮೇಜ್' ಬಳಸಿ ಅದನ್ನು ಎಸ್‌ಡಬ್ಲ್ಯುಎಂ ಭಾಗಗಳಾಗಿ ಒಡೆಯಿರಿ.

ಪರೀಕ್ಷಿಸಲು, ಸೆಟಪ್ ತೆರೆದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕ್‌ಗಳನ್ನು ನೋಡುವ ಡಿಸ್ಕ್‌ಪಾರ್ಟ್ ಉಪಕರಣದಲ್ಲಿ 'ಲಿಸ್ಟ್ ಡಿಸ್ಕ್' ಎಂದು ಬರೆಯಿರಿ. ಆಗಲೂ ಡಿಸ್ಕ್ ಕಾಣದಿದ್ದರೆ, ಸೇರಿಸಿದ ಡ್ರೈವರ್ ಆ ಯಂತ್ರದ ನಿಯಂತ್ರಕಕ್ಕೆ ಸೇರಿದ್ದೇ, 64 ಬಿಟ್‌ನದೇ ಎಂಬುದನ್ನು ಮೊದಲು ನೋಡಿ.